ಹಸಿವಿನ ಗಾಳ, ಶೋಕಿಯ ಗಾಳ

ಹೆಸರು ಸಾಗರವಾದರೂ ನಮ್ಮ ಸಾಗರಕ್ಕೆ ಸಮುದ್ರವಿಲ್ಲ. ಕೆಳದಿಯ ಸದಾಶಿವ ನಾಯಕನ ಹೆಸರಿನ ಕೆರೆಯಿಂದ ಊರಿಗೆ ಆ ಹೆಸರು ಬಂತೆನ್ನುತ್ತಾರೆ. ಸಮುದ್ರವೇನಿದ್ದರೂ ಘಟ್ಟದ ಕೆಳಗೆ. ಆದರೆ ಸಮುದ್ರದ ಮೀನಿಗೆ ಘಟ್ಟ ಎಂದೂ ಅಡ್ಡಿಯಾಗಿಲ್ಲ. ಗೇರುಸೊಪ್ಪೆಯ ದಾರಿಯಾಗಿ ಸಾಗರಕ್ಕೆ, ಹುಲಿಕಲ್ ಘಾಟಿ ಹತ್ತಿ ಹೊಸನಗರಕ್ಕೆ, ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಬಂಗುಡೆ, ಬೂತಾಯಿ, ಅಂಜಲ್ ಐಸಿನ ಪೆಟ್ಟಿಗೆಯೊಳಗೆ ಕುಳಿತು ಬರುತ್ತಲೇ ಇವೆ. ಮೀನಿನವನ ಹಾರನ್ ಕೇಳಿದರೆ ನಮ್ಮ ಕೇರಿಗಳಲ್ಲಿ ಬೆಕ್ಕು ಮೊದಲು, ಮನುಷ್ಯರು ಆಮೇಲೆ ಹೊರಗೆ ಬರುತ್ತಾರೆ. ಸಮುದ್ರವನ್ನೇ ಕಾಣದ ಅಜ್ಜಿಯರೂ ಕಿವಿರು ಎತ್ತಿ ನೋಡಿ ಮೀನು ಎಷ್ಟು ದಿನದ್ದೆಂದು ಹೇಳಬಲ್ಲರು.

ಈಗ ಎದುರು ದಿಕ್ಕಿನ ಪ್ರಯಾಣವೂ ಶುರುವಾಗಿದೆ. ದುಡಿಮೆಗೆಂದು ದುಬೈ, ಮಸ್ಕತ್ ಸೇರಿದ ಮಲೆನಾಡಿನ ಹುಡುಗರು ರಜೆಯ ದಿನ ನಾಲ್ಕಾರು ಮಂದಿ ಕೂಡಿ ದೋಣಿ ಬಾಡಿಗೆಗೆ ಹಿಡಿಯುತ್ತಾರೆ. ಅನುಕೂಲವಿದ್ದವರು ಮಾಲ್ಡೀವ್ಸಿಗೆ, ಅಂಡಮಾನಿಗೆ ಹೋಗಿ ಅದನ್ನೇ ಮಾಡುತ್ತಾರೆ. ಇದಕ್ಕೆ ಅರ್ಧ ದಿನದ ಆಳಸಮುದ್ರ ಮೀನುಗಾರಿಕೆ ಎಂದು ಹೆಸರು. ನಸುಕಿನಲ್ಲಿ ಹೊರಟು ಮಧ್ಯಾಹ್ನಕ್ಕೆ ದಡ ಸೇರುವ ನಾಲ್ಕೈದು ಗಂಟೆಗಳ ವ್ಯವಹಾರ. ಹೋಗಿಬರುವ ಹೊತ್ತು ಕಳೆದರೆ ಗಾಳ ನೀರಿನಲ್ಲಿರುವುದು ಎರಡು ಮೂರು ಗಂಟೆ. ಕೋಲು, ಗಿರಕಿ, ಗಾಳ, ಎರೆ, ಐಸು, ಕುಡಿಯುವ ನೀರು, ಎಲ್ಲವೂ ಬಾಡಿಗೆಯಲ್ಲೇ ಸೇರಿರುತ್ತವೆ. ಮೀನು ಎಲ್ಲಿದೆಯೆಂದು ಯಂತ್ರ ನೋಡಿ ಹೇಳಲು ದೋಣಿಯವನಿದ್ದಾನೆ. ಓಡುವ ದೋಣಿಯ ಹಿಂದೆ ಗಾಳ ಎಳೆದರೆ ಅಂಜಲ್, ಟ್ಯೂನಾ ಕಚ್ಚುತ್ತವೆ. ದೋಣಿ ನಿಲ್ಲಿಸಿ ಬಂಡೆಯ ಬುಡಕ್ಕೆ ಇಳಿಬಿಟ್ಟರೆ ಅರಬರು ಹಮೂರ್ ಎನ್ನುವ, ನಮ್ಮ ಕರಾವಳಿಯ ಮುರುವಿನ ಕುಲದ ಮೀನು ಸಿಗುತ್ತದೆ.

ಸಂಜೆಯೊಳಗೆ ಮೊಬೈಲಿನಲ್ಲಿ ಪಟ ಬರುತ್ತದೆ. ಹಿಡಿದವನ ನಗುಮುಖ, ಹಿಡಿಸಿಕೊಂಡದ್ದರ ತೆರೆದ ಬಾಯಿ. ಊರಿನಿಂದ ಎರಡು ಪ್ರಶ್ನೆ ಹೋಗುತ್ತವೆ. ಎಷ್ಟು ಕೇಜಿ ಇತ್ತು? ತಿಂದಿರೋ, ಬಿಟ್ಟಿರೋ? ಮೊದಲನೆಯದು ಕುತೂಹಲ. ಎರಡನೆಯದನ್ನೂ ಹಾಗೆಯೇ ಕೇಳಿ ಮರೆಯುತ್ತೇವೆ. ಆದರೆ ಅದು ಅಷ್ಟು ಸುಲಭದ ಪ್ರಶ್ನೆಯಲ್ಲ. ತಿನ್ನಲು ಹಿಡಿಯುವುದು ಸರಿಯೋ, ಬಿಡಲು ಹಿಡಿಯುವುದು ಸರಿಯೋ? ತಿಂದವನು ಕ್ರೂರಿಯೋ, ಆಡಿಸಿ ಬಿಟ್ಟವನು ಕ್ರೂರಿಯೋ?

ಉರ್ದುವಿನಲ್ಲಿ ರಿಜ್ಕ್ ಎಂಬ ಮಾತಿದೆ. ದೇವರು ಕೊಟ್ಟ ಅನ್ನ ಎಂದು ಅದರ ಅರ್ಥ. ಶೌಕ್ ಎಂಬ ಇನ್ನೊಂದು ಮಾತಿದೆ. ಅದು ಮನಸ್ಸಿನ ಒಲವು. ಪುಸ್ತಕದ ಶೌಕ್ ಇರಬಹುದು, ಗಜಲಿನ ಶೌಕ್ ಇರಬಹುದು, ಅದರಲ್ಲಿ ಕೊಂಕಿಲ್ಲ. ಅದೇ ಶಬ್ದ ಕನ್ನಡಕ್ಕೆ ಬಂದು ಶೋಕಿಯಾದಾಗ ಅದಕ್ಕೆ ದುಂದಿನ, ತೋರಿಕೆಯ ಬಣ್ಣ ಹತ್ತಿತು. ಗಾಳ ಹಿಡಿದ ಕೈಯಲ್ಲಿ ಈ ಮೂರೂ ಬೆರೆತಿರುತ್ತವೆ. ಹೊಟ್ಟೆಗಾಗಿ ಮೀನು ಹಿಡಿಯುವವನಿಗೂ ದಾರ ಜಗ್ಗಿದಾಗ ಎದೆ ಹಾರುತ್ತದೆ. ಪೂರ್ಣಚಂದ್ರ ತೇಜಸ್ವಿಯವರಿಗೆ ಗಾಳ ಹಾಕುವ ಹುಚ್ಚಿತ್ತೆಂಬುದು ಕನ್ನಡದ ಓದುಗರಿಗೆಲ್ಲ ಗೊತ್ತು. ನೀರಿನ ಮುಂದೆ ಸುಮ್ಮನೆ ಕಾದು ಕೂರುವ ಸುಖವನ್ನು ಪಾಪವೆನ್ನಲು ನಮಗೆ ಮನಸ್ಸಿಲ್ಲ. ಇನ್ನೊಂದು ಜೀವದ ಒದ್ದಾಟವೇ ಆ ಸುಖದ ಸಾಮಗ್ರಿಯಾದಾಗ ಏನು ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲು ಹಸಿವಿನ ಗಾಳದ ಮಾತು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರವನ್ನು ಹಾದು ಸಾಗರದ ಸೀಮೆಗೆ ಬಂದು, ಕೊನೆಗೆ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಹಳ್ಳಿಗಳೂ ಗದ್ದೆಗಳೂ ನೀರಿನಡಿ ಹೋದವು. ಭತ್ತ ಬೆಳೆಯುತ್ತಿದ್ದ ನೆಲದ ಮೇಲೆ ಈಗ ಬಲೆ ಬೀಳುತ್ತದೆ. ಆ ಹಿನ್ನೀರಿನ ದಂಡೆಯಲ್ಲಿ ಬಲೆ ನಂಬಿ ಬದುಕುವವರಿಗೆ ಮೀನು ಹಿಡಿಯಬೇಡಿ ಎನ್ನಲು ಯಾವ ನೀತಿಗೂ ಹಕ್ಕಿಲ್ಲ.

ಇಸ್ಲಾಮಿನಲ್ಲಿ ಮೀನಿಗೆ ಒಂದು ವಿಶೇಷ ರಿಯಾಯಿತಿಯಿದೆ. ಕುರಿ ಕೋಳಿಗಳಂತೆ ಅದನ್ನು ಝಬಹ್ ಮಾಡಬೇಕಿಲ್ಲ. ಹಜ್ ಯಾತ್ರಿಕನು ಇಹ್ರಾಮ್ ಧರಿಸಿದ ಮೇಲೆ ನೆಲದ ಮೇಲಿನ ಬೇಟೆ ಅವನಿಗೆ ನಿಷಿದ್ಧ, ಆದರೆ ನೀರಿನ ಬೇಟೆ ಆಗಲೂ ಸಮ್ಮತ. ಇಷ್ಟು ವಿಶಾಲವಾದ ಅನುಮತಿ ಕೊಡುವಾಗ ಕುರ್‌ಆನ್ ಅದರ ಕಾರಣವನ್ನೂ ಜೊತೆಯಲ್ಲೇ ಹೇಳುತ್ತದೆ: ಅದು ನಿಮಗೂ ಪ್ರಯಾಣಿಕರಿಗೂ ಆಹಾರವಾಗಲೆಂದು. ಹಿಡಿಯುವವನ ಪಾಲಿನೊಡನೆ ದಾರಿಹೋಕನ ಪಾಲೂ ಅಲ್ಲಿ ಸೇರಿದೆ. ಮೋಜಿನ ಮಾತು ಅಲ್ಲಿಲ್ಲ. ಇನ್ನೊಂದೆಡೆ, ಜೀವವಿರುವ ಯಾವುದನ್ನೂ ಗುರಿ ಹೊಡೆಯುವ ಆಟಕ್ಕೆ ಇಡಬಾರದೆಂದು ಪ್ರವಾದಿಯವರು ತಡೆದದ್ದು ಹದೀಸಿನಲ್ಲಿದೆ. ವಿನಾಕಾರಣ ಕೊಂದ ಗುಬ್ಬಚ್ಚಿ ಕೂಡ ಅಂತಿಮ ದಿನ ದೇವರ ಮುಂದೆ ದೂರು ಹೇಳುತ್ತದೆಂಬ ವರದಿಯೂ ಇದೆ.

ಹಾಗೆಂದು ಹಸಿವು ಎಂದೊಡನೆ ಎಲ್ಲವೂ ಮಾಫಿಯಾಗುವುದಿಲ್ಲ. ನಮ್ಮ ಮೂರೂ ತಾಲ್ಲೂಕಿನವರಿಗೆ ಹತ್ತುಮೀನಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆ ಹೊಯ್ದ ರಾತ್ರಿ ಹೊಳೆಯ ಮೀನು ಹಳ್ಳ ಹಿಡಿದು, ಗದ್ದೆಯ ಕಂಟದ ನೀರಿಗೆ ಎದುರಾಗಿ ಹತ್ತುತ್ತದೆ. ಹೊಟ್ಟೆಯ ತುಂಬ ಮೊಟ್ಟೆ. ಇಡಲು ತಗ್ಗು ನೀರು ಬೇಕು. ನಾವು ಟಾರ್ಚು, ಕತ್ತಿ, ಬಿದಿರಿನ ಕೂಳಿ ಹಿಡಿದು ಅದೇ ಕಂಟದಲ್ಲಿ ಕಾಯುತ್ತೇವೆ. ಆ ರಾತ್ರಿಯ ಸಂಭ್ರಮ ಮಲೆನಾಡಿನಲ್ಲಿ ಹುಟ್ಟಿದ ಯಾರಿಗೂ ಮರೆಯುವಂಥದ್ದಲ್ಲ, ಸಾರಿನ ರುಚಿಯೂ ಅಷ್ಟೇ. ಆದರೆ ಒಂದು ಮೀನಿನೊಡನೆ ಬರುವ ವರ್ಷದ ಸಾವಿರಾರು ಮರಿಗಳನ್ನೂ ಪಾತ್ರೆಗೆ ಹಾಕುತ್ತಿದ್ದೇವೆಂಬುದು ಲೆಕ್ಕಕ್ಕೆ ಬರುವುದಿಲ್ಲ. ಹಸಿವಿಗೆ ಒಂದು ಬುಟ್ಟಿ ಸಾಕಾಗಿದ್ದಲ್ಲಿ ಸಂಭ್ರಮ ನಾಲ್ಕು ಬುಟ್ಟಿ ಕೇಳುತ್ತದೆ.

ಕುರ್‌ಆನಿನಲ್ಲಿ ಕಡಲ ದಂಡೆಯ ಒಂದು ಊರಿನ ಕತೆ ಬರುತ್ತದೆ. ಯಹೂದಿಗಳ ಆ ಊರಿನವರಿಗೆ ಸಬ್ತ್ ಎಂಬ ಶನಿವಾರದಂದು ಮೀನು ಹಿಡಿಯುವಂತಿರಲಿಲ್ಲ. ಅವರ ಪರೀಕ್ಷೆಗೆಂಬಂತೆ ಮೀನುಗಳು ಅದೇ ದಿನ ಕಣ್ಣಿಗೆ ರಾಚುವಂತೆ ಮೇಲೆ ಬರುತ್ತಿದ್ದವು, ಉಳಿದ ದಿನ ಇಲ್ಲ. ವ್ಯಾಖ್ಯಾನಕಾರರು ಹೇಳುವಂತೆ, ಅವರು ಮುಂಚೆಯೇ ಗುಂಡಿ ತೋಡಿ, ಬಲೆ ಒಡ್ಡಿಟ್ಟು, ಶನಿವಾರ ಸಿಕ್ಕಿಕೊಂಡದ್ದನ್ನು ಭಾನುವಾರ ಎತ್ತಿಕೊಂಡರು. ಶನಿವಾರ ನಾವು ಹಿಡಿಯಲೇ ಇಲ್ಲವಲ್ಲ ಎಂಬುದು ಅವರ ಸಮಜಾಯಿಷಿ. ನಿಯಮದ ಅಕ್ಷರ ಉಳಿಯಿತು, ಜೀವ ಹೋಯಿತು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ಕಾನೂನು ನಮ್ಮ ಕಾಲದ ಸಬ್ತ್. ಮೀನು ಮರಿ ಮಾಡಲಿ, ನಾಳೆಯವರಿಗೂ ಉಳಿಯಲಿ ಎಂಬುದು ಅದರ ಉದ್ದೇಶ. ಅನುಮತಿ ಎಂಬುದು ಅಳತೆಯೊಂದಿಗೇ ಬರುತ್ತದೆ. ಅಳತೆ ಬಿಟ್ಟ ಹಸಿವಿಗೂ ಶೋಕಿಗೂ ಆಮೇಲೆ ವ್ಯತ್ಯಾಸ ಉಳಿಯುವುದಿಲ್ಲ.

ಇನ್ನು ಶೋಕಿಯ ಗಾಳ. ನಮ್ಮ ನಾಡಿಗೆ ಇದನ್ನು ಶಾಸ್ತ್ರೋಕ್ತವಾಗಿ ತಂದವರು ಬ್ರಿಟಿಷರು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಭಾರತದ ಹೊಳೆಗಳಲ್ಲಿ ಗಾಳ ಹಾಕುವ ಬಗ್ಗೆ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕೇಜಿಯ ಮಹಶೀರ್ ಇಂದಿಗೂ ದಾಖಲೆಯೆಂದೇ ಹೇಳಲಾಗುತ್ತದೆ. ಆ ಕಾಲದಲ್ಲಿ ದೊಡ್ಡ ಮೀನು ಎಂದರೆ ಕೊಂದು ಪಟ ತೆಗೆಸಿಕೊಳ್ಳುವುದು. ಮೀನು ಕಡಿಮೆಯಾದ ಮೇಲೆ ಹಿಡಿದು, ತೂಗಿ, ಪಟ ತೆಗೆದು, ಮರಳಿ ನೀರಿಗೆ ಬಿಡುವ ಪದ್ಧತಿ ಬಂತು. ಕಾವೇರಿಯ ಭೀಮೇಶ್ವರಿಯ ಶಿಬಿರಗಳು ಇದಕ್ಕೆ ದೇಶವಿದೇಶಗಳಲ್ಲಿ ಹೆಸರಾಗಿದ್ದವು.

ಬಿಟ್ಟರಾಯಿತು, ಇನ್ನೇನು ಹಿಂಸೆ ಎನ್ನುವವರಿದ್ದಾರೆ. 2003ರಲ್ಲಿ ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಟ್ರೌಟ್ ಮೀನಿನ ತುಟಿಗೆ ಜೇನುಹುಳದ ವಿಷ ಮತ್ತು ಹುಳಿದ್ರವ ಚುಚ್ಚಿ ನೋಡಿದರು. ಮೀನುಗಳು ಮೇವು ಬಿಟ್ಟವು. ಹುಳಿದ್ರವ ಬಿದ್ದವು ತುಟಿಯನ್ನು ತಳದ ಕಲ್ಲಿಗೆ ಉಜ್ಜಿದವು. ಇದನ್ನು ನಮ್ಮಂಥ ನೋವೆಂದೇ ಕರೆಯಬೇಕೇ ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೆ ಸ್ವಿಟ್ಜರ್‌ಲೆಂಡ್ ಕಾಯದೆ, ಬಿಡಲೆಂದೇ ಮೀನು ಹಿಡಿಯುವುದನ್ನು 2009ರಿಂದ ನಿಷೇಧಿಸಿತು. ತಿನ್ನುವುದಾದರೆ ಹಿಡಿ, ತಿನ್ನದಿದ್ದರೆ ಮುಟ್ಟಬೇಡ ಎಂಬುದು ಅದರ ಧೋರಣೆ.

ಆಳಸಮುದ್ರದಲ್ಲಂತೂ ಬಿಡುವುದು ಎಂಬ ಮಾತೇ ಎಷ್ಟೋ ಸಲ ಹುಸಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಗಾಳಿಯ ಒತ್ತಡದಷ್ಟೇ ಇನ್ನೊಂದು ಒತ್ತಡ ಸೇರುತ್ತದೆ. 30 ಮೀಟರ್ ಆಳದಲ್ಲಿದ್ದ ಮುರುವನ್ನು ಸರಸರ ಮೇಲಕ್ಕೆಳೆದರೆ ಅದರ ಹೊಟ್ಟೆಯೊಳಗಿನ ಗಾಳಿಚೀಲ ನಾಲ್ಕು ಪಟ್ಟು ಹಿಗ್ಗಲು ನೋಡುತ್ತದೆ. ಕಣ್ಣು ಉಬ್ಬುತ್ತದೆ, ಜಠರ ಬಾಯಿಗೆ ಬರುತ್ತದೆ. ಅಂಥ ಮೀನನ್ನು ನೀರಿಗೆ ಬಿಟ್ಟರೆ ಅದು ಕೆಳಗಿಳಿಯಲಾರದೆ ಮೇಲೇ ತೇಲುತ್ತದೆ. ಭಾರ ಕಟ್ಟಿ ಅದನ್ನು ಮತ್ತೆ ಆಳಕ್ಕಿಳಿಸುವ ಸಾಧನಗಳಿವೆ. ಅರ್ಧ ದಿನದ ಅವಸರದಲ್ಲಿ ಅಷ್ಟು ತಾಳ್ಮೆ ಎಲ್ಲ ದೋಣಿಗಳಲ್ಲಿ ಇರುತ್ತದೆಯೇ? ಇಲ್ಲದಿದ್ದರೆ ಬಿಟ್ಟೆವೆಂಬ ಮಾತು ಸಬ್ತಿನ ಊರಿನವರ ಸಮಜಾಯಿಷಿಯ ಹಾಗೆಯೇ ಆಗುತ್ತದೆ. ನಾವು ಕೊಲ್ಲಲಿಲ್ಲ ಎನ್ನುತ್ತೇವೆ. ಸಾವು ನಮ್ಮ ಕಣ್ಣಳತೆಯಾಚೆ ಆಯಿತು, ಅಷ್ಟೆ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಕಾವೇರಿಯ ಶಿಬಿರಗಳಲ್ಲಿ ಗಾಳ ಹಾಕಿದವರು ಹಿಡಿದ ಪ್ರತಿ ಮೀನಿನ ಲೆಕ್ಕ ಬರೆದಿಡುತ್ತಿದ್ದರು. ಡುಬ್ಬದ ಮಹಶೀರ್ ಅಳಿಯುತ್ತಿದೆಯೆಂದು ವಿಜ್ಞಾನಿಗಳಿಗೆ ತಿಳಿದದ್ದು ಆ ಪುಸ್ತಕಗಳಿಂದಲೇ. 2018ರಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿ ಸೇರಿತು. ಹಿಂದೆ ಕಳ್ಳತನದಿಂದ ಮೀನು ಹೊಡೆಯುತ್ತಿದ್ದವರೇ ಅಲ್ಲಿ ಮಾರ್ಗದರ್ಶಿಗಳಾಗಿ ಹೊಳೆ ಕಾದದ್ದೂ ನಿಜ. ಶೋಕಿಯವನಿಗೆ ಮೀನು ಬದುಕಿರಬೇಕೆಂಬ ಸ್ವಾರ್ಥವಿದೆ. ಸಿಡಿಮದ್ದು ಹಾಕುವವನಿಗೆ ಅದೂ ಇಲ್ಲ. ಹೊಳೆ ಕಾಯದ ಸಾತ್ವಿಕನಿಗಿಂತ ಹೊಳೆ ಕಾಯುವ ಶೋಕಿವಾಲ ಮೇಲೆಂದರೆ ನಾವು ಥಟ್ಟನೆ ಅಲ್ಲಗಳೆಯಲಾರೆವು.

ಇದಕ್ಕಿಂತ ಚುಚ್ಚುವ ಆಕ್ಷೇಪ ಇನ್ನೊಂದಿದೆ. ಟ್ರಾಲರಿನ ಬಲೆ ಒಂದೇ ಎಳೆತಕ್ಕೆ ಸಾವಿರಾರು ಜೀವ ಎತ್ತಿ ಡೆಕ್ಕಿನ ಮೇಲೆ ಸುರಿಯುತ್ತದೆ. ಉಸಿರುಕಟ್ಟಿ ಸತ್ತ ಆ ಮೀನನ್ನೇ ನಾವು ಮಧ್ಯಾಹ್ನ ಹುರಿದು ತಿನ್ನುತ್ತೇವೆ. ಹೀಗಿರುವಾಗ ಆರು ಜನ ಆರು ಗಾಳ ಹಿಡಿದು ಹೋದದ್ದಕ್ಕೆ ಇಷ್ಟು ಉಪದೇಶವೇ? ಮಾತು ಸರಿ. ಲೆಕ್ಕದಲ್ಲಿ ಆ ದೋಣಿಯ ತಪ್ಪು ಸಾಸಿವೆಯಷ್ಟು, ಉಣ್ಣುವವರಾದ ನಮ್ಮ ಪಾಲು ಬೆಟ್ಟದಷ್ಟು. ಅಂಗೈಯಗಲದ ಮರಿಮೀನು ಸಂತೆಗೆ ಬಂದಾಗ ಅಗ್ಗವೆಂದು ಕೊಳ್ಳುವ ನಾವು ದೋಣಿಯವರಿಗೆ ನೀತಿ ಹೇಳುವ ಮುನ್ನ ನಮ್ಮ ಚೀಲ ನೋಡಿಕೊಳ್ಳಬೇಕು. ಆದರೂ ಎರಡೂ ಒಂದೇ ಪ್ರಶ್ನೆಯಲ್ಲ. ಬಲೆಯದು ಎಷ್ಟು ಎಂಬ ಪ್ರಶ್ನೆ, ಬಾಡಿಗೆ ದೋಣಿಯದು ಏಕೆ ಎಂಬ ಪ್ರಶ್ನೆ. ಒಂದರ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ.

ತೀರ್ಥಹಳ್ಳಿಯ ಹತ್ತಿರ ತುಂಗೆಯ ದಡದಲ್ಲಿ ಚಿಪ್ಪಲಗುಡ್ಡದ ಮತ್ಸ್ಯಧಾಮವಿದೆ. ದೇವಸ್ಥಾನದ ಮೆಟ್ಟಿಲಲ್ಲಿ ನಿಂತು ಅಕ್ಕಿ, ಮಂಡಕ್ಕಿ ಎಸೆದರೆ ನೀರೇ ಕಪ್ಪಾಗಿ ಎದ್ದಂತೆ ಮೀನುಗಳು ಬರುತ್ತವೆ. ಅಲ್ಲಿ ಗಾಳ ಹಾಕುವ ಮಾತಿಲ್ಲ. ಹಿಂದೂಗಳೂ ಮುಸ್ಲಿಮರೂ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಬಣ್ಣದ ಬೆನ್ನು ನೀರಿನಲ್ಲಿ ತಿರುಗಿದಾಗ ಮಕ್ಕಳು ಕೂಗುವ ಕೂಗಿಗೂ ದೋಣಿಯಲ್ಲಿ ಗಿರಕಿ ತಿರುಗಿದಾಗ ದೊಡ್ಡವರು ಕೂಗುವ ಕೂಗಿಗೂ ಹೆಚ್ಚು ಅಂತರವಿಲ್ಲ. ಎರಡರಲ್ಲೂ ಇರುವುದು ಕಾಣದ ಲೋಕದ ಜೀವವೊಂದು ಹತ್ತಿರ ಬಂತೆಂಬ ಬೆರಗು. ಮನುಷ್ಯನಿಗೆ ಆ ಬೆರಗು ಬೇಕು. ಅದಕ್ಕೆ ಮುಳ್ಳೇ ಬೇಕೆಂದಿಲ್ಲ ಎಂಬುದನ್ನು ಆ ಮೆಟ್ಟಿಲು ಹೇಳುತ್ತದೆ. ಆದರೆ ಮೀನಿಗೆ ಧಾಮದ ಗಡಿ ಗೊತ್ತಿಲ್ಲ. ನಾಲ್ಕು ಮಾರು ಕೆಳಗೆ ಈಜಿದರೆ ಅದು ಬರೀ ಮೀನು. ಪುಣ್ಯವನ್ನು ಒಂದು ಮಡುವಿಗೆ ಕಟ್ಟಿಹಾಕಿ ಉಳಿದ ಹೊಳೆಯನ್ನು ಮರೆತರೆ ಅದೂ ಅಳತೆಗೆಟ್ಟ ವ್ಯವಹಾರವೇ.

ಆದ್ದರಿಂದ ಅರ್ಧ ದಿನದ ದೋಣಿ ಹತ್ತಬೇಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ವಾರವಿಡೀ ದುಡಿದು ಬಳಲಿದ ಹುಡುಗನಿಗೆ ಒಂದು ಬೆಳಗ್ಗೆಯ ಕಡಲ ಗಾಳಿ ಹಕ್ಕಿನದೇ. ಹತ್ತುವ ಮೊದಲೇ ಕೋಣೆಯಲ್ಲಿ ಉಣ್ಣುವ ಬಾಯಿ ಎಷ್ಟೆಂದು ಎಣಿಸಿಕೊಳ್ಳಲಿ. ಅಷ್ಟು ಸಿಕ್ಕೊಡನೆ, ಬಾಡಿಗೆಯ ಗಂಟೆ ಇನ್ನೂ ಉಳಿದಿದ್ದರೂ, ಗಾಳ ಸುತ್ತಿಡಲಿ. ಹಿಡಿದದ್ದನ್ನು ಡೆಕ್ಕಿನ ಮೇಲೆ ಒದ್ದಾಡಲು ಬಿಟ್ಟು ಪಟ ತೆಗೆಯುವ ಬದಲು ಬೇಗ ಮುಗಿಸಲಿ. ಯಾವುದು ಮರಿ, ಯಾವ ಜಾತಿ ಕಡಿಮೆಯಾಗಿದೆ, ಯಾವ ತಿಂಗಳು ಮೊಟ್ಟೆಯ ತಿಂಗಳು ಎಂದು ದೋಣಿಯವನನ್ನು ಕೇಳಲಿ. ಹಮೂರನ್ನು ಅತಿಯಾಗಿ ಹಿಡಿದು ಹಿಡಿದು ಕೊಲ್ಲಿಯ ನೀರಿನಲ್ಲಿ ಅದು ತೀರಾ ಕಡಿಮೆಯಾಗಿದೆಯೆಂಬುದು ಅಲ್ಲಿನವರಿಗೇ ಗೊತ್ತಿರುವ ಸಂಗತಿ. ಹೆಚ್ಚಾದದ್ದಿದ್ದರೆ ಪಕ್ಕದ ಕೋಣೆಯವರಿಗೆ ಕೊಡಲಿ, ಪ್ರಯಾಣಿಕನ ಪಾಲೆಂದರೆ ಅದೇ. ನೀರು ಕಾಯುವಾಗ ಸಿಗುವ ಸುಖ ಇದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಇದೇ ಮಾತು ಮುಂಗಾರಿನ ರಾತ್ರಿ ಟಾರ್ಚು ಹಿಡಿದು ಗದ್ದೆಗಿಳಿಯುವ ನಮಗೂ ಅನ್ವಯಿಸುತ್ತದೆ. ಹಸಿವಾದಾಗ ದೇಹ ಸಾಕೆನ್ನುತ್ತದೆ, ಅದು ಹಸಿವಿನ ದೊಡ್ಡ ಗುಣ. ಶೋಕಿಗೆ ತನ್ನದೇ ಆದ ಸಾಕು ಇಲ್ಲ. ಅದನ್ನು ಹೊರಗಿನಿಂದ ಯಾರಾದರೂ ಹೇಳಬೇಕು. ದೋಣಿಯ ಗಡಿಯಾರ ಅದನ್ನು ಹೇಳುವುದಿಲ್ಲ, ಬಾಡಿಗೆ ಕೊಟ್ಟವನೇ ಹೇಳಿಕೊಳ್ಳಬೇಕು.