ಏಕರಾತ್ರಿ

ಪರಿವ್ರಾಜಕನಾದವನು ಗ್ರಾಮದಲ್ಲಿ ಒಂದು ರಾತ್ರಿಯನ್ನೂ ನಗರದಲ್ಲಿ ಐದು ರಾತ್ರಿಗಳನ್ನೂ ಮೀರಿ ನಿಲ್ಲಲಾಗದೆಂದು ಸಂನ್ಯಾಸಧರ್ಮದ ಗ್ರಂಥಗಳು ವಿಧಿಸುತ್ತವೆ. ನಿಂತ ನೆಲದಲ್ಲಿ ಮಮಕಾರವು ಬೇರು ಬಿಡುವುದೆಂಬ ಭಯವೇ ಈ ವಿಧಿಗೆ ಮೂಲ. ಗೀತೆಯ ಹನ್ನೆರಡನೆಯ ಅಧ್ಯಾಯವು ಭಗವಂತನಿಗೆ ಪ್ರಿಯನಾದವನ ಲಕ್ಷಣಗಳಲ್ಲಿ ‘ಅನಿಕೇತ’ನಾಗಿರುವುದನ್ನೂ ಎಣಿಸಿದೆ, ನಮ್ಮ ಶರಣರು ಸ್ಥಾವರಕ್ಕಿಂತ ಜಂಗಮವನ್ನು ಮೇಲಾಗಿ ಕಂಡರು. ಬಾದನಹಟ್ಟಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಇವುಗಳನ್ನು ಓದುವಾಗ ತಲೆದೂಗುವುದು ನನಗೆ ಬಹುಕಾಲ ಸುಲಭವಾಗಿತ್ತು.

ಕಂಪ್ಲಿಯ ದಾರಿಯಾಗಿ ಹಂಪೆಗೆ ಹೋದವನು ಅಂದು ಹಿಂದಿರುಗಲಾರದೆ, ವಿರೂಪಾಕ್ಷ ದೇವಾಲಯಕ್ಕೂ ಹೊಳೆಗೂ ನಡುವಣ ಜನತಾ ಪ್ಲಾಟಿನ ಒಂದು ಇಕ್ಕಟ್ಟಾದ ಓಣಿಯಲ್ಲಿ, ನಾಲ್ಕೇ ಕೋಣೆಗಳುಳ್ಳ ಅತಿಥಿಗೃಹದಲ್ಲಿ ತಂಗಿದೆನು. ವಿಚಿತ್ರವಾದ ಪುಟ್ಟ ಮನೆ ಅದು. ಗೋಡೆಗೆ ಗಾಢವಾದ ನೀಲಿ. ಹಿಂದೆಂದೋ ತಂಗಿಹೋದ ಪರದೇಶದ ಯಾತ್ರಿಕನೊಬ್ಬನು ಸೂರಿನ ಮೇಲೆ ಬರೆದಿಟ್ಟ ಸೂರ್ಯ, ಚಂದ್ರ, ಗ್ರಹಗಳು. ಬಾಗಿಲ ಹಿಂಬದಿಯಲ್ಲಿ ನಾನು ಓದಲಾರದ ಲಿಪಿಗಳಲ್ಲಿ ಯಾರಾರದೋ ಹೆಸರುಗಳು. ಸೊಳ್ಳೆಪರದೆಯೊಳಗೆ ಒಬ್ಬನೇ ಮಲಗಬಹುದಾದ ಮಂಚ. ಅದರ ತಲೆದೆಸೆಯ ಗೂಡಿನಲ್ಲಿ, ಕುಂಕುಮದಿಂದ ಮುಖವೇ ಮಸುಕಾದ ವಿರೂಪಾಕ್ಷನ ಪಟ.

ಆ ಮಂಚದ ಮೇಲೆ ಮಲಗಿ, ಚಿತ್ರದ ಗ್ರಹಗಳನ್ನು ನೋಡುತ್ತ, ಲೋಕವೇ ಛತ್ರವೆಂಬ ಹಳೆಯ ಮಾತನ್ನು ನೆನೆದೆನು. ನೆನೆಯಲು ಹಂಪೆಗಿಂತ ತಕ್ಕ ಸ್ಥಳವಾವುದು? 1336ರಲ್ಲಿ ನೆಲೆಗೊಂಡಿತೆಂದು ಎಣಿಸುವ ಅರಸುತನ 1565ರ ಯುದ್ಧದ ಬಳಿಕ ಈ ನಗರವನ್ನು ತೊರೆದುಹೋಯಿತು. ಆನೆಯ ಲಾಯಗಳೂ ಅಂತಃಪುರದ ಆವರಣಗಳೂ ಬರಿದಾದುವು. ವಿರೂಪಾಕ್ಷನ ಪೂಜೆಯಾದರೋ ಇಂದಿಗೂ ನಡೆದಿದೆ. ಆ ಚಕ್ರವರ್ತಿಗಳೂ ಇಲ್ಲಿ ಇನ್ನೂರಿಪ್ಪತ್ತೊಂಬತ್ತು ವರ್ಷ ತಂಗಿದ್ದ ಅತಿಥಿಗಳಲ್ಲದೆ ಮತ್ತೇನು ಎಂದುಕೊಂಡು, ಸತ್ಯವೊಂದು ಕೈಗೆ ಸಿಕ್ಕಿತೆಂಬ ತೃಪ್ತಿಯಿಂದ ನಿದ್ರೆಹೋದೆನು.

ಬೆಳಿಗ್ಗೆ ಚಹಾ ತಂದಿಟ್ಟ ಮನೆಯೊಡತಿ, ವಯಸ್ಸಾದಾಕೆ, ಹೊಸ್ತಿಲ ಬಳಿ ಕುಳಿತು ತನ್ನ ಕಥೆಯನ್ನು ಹೇಳಿದಳು. ದೇವಾಲಯದ ಮುಂದಿನ ರಥಬೀದಿಯ ಸಾಲುಮಂಟಪಗಳಲ್ಲಿ ಆಕೆಯ ಅತ್ತೆಯ ಕಾಲದಿಂದಲೂ ಅವರ ಸಂಸಾರವಿತ್ತು. ಕಲ್ಲುಕಂಬಗಳ ನಡುವೆ ಗೋಡೆಯೆತ್ತಿ, ಮುಂದೆ ಅಂಗಡಿಯನ್ನೂ ಹಿಂದೆ ಒಲೆಯನ್ನೂ ಹೂಡಿ ಎಷ್ಟೋ ಕುಟುಂಬಗಳು ಅಲ್ಲಿ ಬಾಳಿದ್ದುವು. 2011ರ ಜುಲೈಯಲ್ಲಿ ಅವೆಲ್ಲ ತೆರವಾದುವು. “ಒಲಿ ಇನ್ನಾ ಬೆಚ್ಚಗಿತ್ರೀ,” ಎಂದಳು.

ಕಲ್ಲಿನ ರಕ್ಷಣೆಯ ಪಕ್ಷದಲ್ಲಿಯೂ ನ್ಯಾಯವುಂಟು; 1986ರಿಂದ ವಿಶ್ವಪರಂಪರೆಯ ತಾಣವಾಗಿರುವ ಹಂಪೆಯ ಮಂಟಪಗಳು ಉಳಿಯಬೇಕೆಂಬುದು ನನ್ನ ಅಪೇಕ್ಷೆಯೂ ಹೌದು. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ರಾತ್ರಿಯೆಲ್ಲ ಮನಸ್ಸಿನಲ್ಲಿ ಹದಗೊಂಡಿದ್ದ ಆ ಮಾತು, ‘ಇಲ್ಲಿ ಯಾವುದು ಯಾರ ಸ್ವಂತ, ತಾಯಿ?’ ಎಂಬುದು, ಸಾಂತ್ವನದ ವೇಷದಲ್ಲಿ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಆಡಲಾರದೆ ಹೋದೆನು. ಪರಿವ್ರಾಜಕನು ಮನೆಯನ್ನು ತಾನಾಗಿ ಬಿಟ್ಟವನು. ಅವನ ಏಕರಾತ್ರಿ ಅವನೇ ಆರಿಸಿಕೊಂಡ ವ್ರತ. ಬಿಡಿಸಲ್ಪಟ್ಟವಳ ಮುಂದೆ ಅದೇ ಸತ್ಯವನ್ನು ನುಡಿದರೆ, ಒಂದಕ್ಷರವೂ ಬದಲಾಗದೆಯೇ ಅದು ಹಿಂಸೆಯಾಗುತ್ತದೆ. ಅನಿತ್ಯತೆಯೆಂಬುದು ಮನುಷ್ಯನು ತನಗೆ ತಾನೇ ಹೇಳಿಕೊಳ್ಳಬಹುದಾದ ಮಾತು. ಇನ್ನೊಬ್ಬರ ನಷ್ಟಕ್ಕೆ ಅದನ್ನು ಉತ್ತರವಾಗಿ ಕೊಡುವ ಅಧಿಕಾರವನ್ನು ಯಾವ ಶಾಸ್ತ್ರವೂ ನಮಗೆ ದಯಪಾಲಿಸಿಲ್ಲವೆಂದು ನಾನು ನಂಬುತ್ತೇನೆ. ಜಂಗಮವನ್ನು ಕೊಂಡಾಡಿದ ಶರಣರು ಮನೆಗೆ ಬಂದ ಜಂಗಮನಿಗೆ ದಾಸೋಹವನ್ನು ವಿಧಿಸಿದರೆಂಬುದನ್ನು ನಾನು ಇಷ್ಟು ದಿನ ಬೇರೆಯೇ ವಿಷಯವೆಂದು ತಿಳಿದಿದ್ದೆನು. ಅಲೆಯುವವನು ಪೂಜ್ಯನಾಗಬೇಕಾದರೆ ಎಲ್ಲಿಯೋ ಒಂದು ಒಲೆ ಉರಿಯುತ್ತಿರಬೇಕು.

ಹಣವನ್ನು ಸೆರಗಿಗೆ ಕಟ್ಟಿಕೊಳ್ಳುತ್ತ ಆಕೆ ಕೇಳಿದಳು: “ಯಾವೂರು ಯಜಮಾನ್ರೇ ನಿಮ್ದು?”

“ಬಾದನಹಟ್ಟಿ, ತಾಯಿ.”

“ಸ್ವಂತ ಮನಿ ಐತೇನ್ರೀ?”

“ಐತವ್ವಾ,” ಎಂದೆನು.