ಹುಟ್ಟಿಸಿದವರ ಹೊಣೆ

“ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ?”

ಕತ್ತಲಗೆರೆಯ ಕಡೆ ಭದ್ರಾ ನಾಲೆಯ ನೀರು ತಡವಾದಾಗ, ಜಗಳೂರಿನ ಬೆದ್ದಲು ಹೊಲಗಳಿಗೆ ಮಳೆ ಕೈಕೊಟ್ಟಾಗ, ಹೊನ್ನಾಳಿ–ನ್ಯಾಮತಿಯಲ್ಲಿ ಮೆಕ್ಕೆಜೋಳದ ಬೆಲೆ ಬಿದ್ದಾಗ ಹಿರಿಯರ ಬಾಯಲ್ಲಿ ಬರುವ ಗಾದೆ ಇದು. ಕೇಳಿದವರು ಸಮಾಧಾನದ ಮಾತೆಂದುಕೊಂಡು ಮುಂದೆ ಹೋಗುತ್ತಾರೆ. ಆದರೆ ಈ ನಾಲ್ಕು ಪದಗಳೊಳಗೆ ಗಟ್ಟಿಯಾದ ನ್ಯಾಯವೊಂದಿದೆ. ಹುಟ್ಟಿದವನು ಮೊದಲು ತನ್ನ ಯೋಗ್ಯತೆ ತೋರಿಸಲಿ, ಆಮೇಲೆ ಅನ್ನ ಎಂದು ಗಾದೆ ಹೇಳುವುದಿಲ್ಲ. ಹೊಣೆಯನ್ನು ನೇರವಾಗಿ ಹುಟ್ಟಿಸಿದವನ ಹೆಗಲಿಗೇ ಹಾಕುತ್ತದೆ.

ಹಾಗಾದರೆ ಹುಟ್ಟಿಸುವ ಸ್ಥಾನದಲ್ಲಿ ಮನುಷ್ಯನೇ ಕುಳಿತರೆ?

ಇನ್ನೂರು ವರ್ಷಗಳಿಂದ ಕಥೆಗಾರರು ಈ ಪ್ರಶ್ನೆಯನ್ನು ಬಿಟ್ಟಿಲ್ಲ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಪ್ರಕಟವಾದದ್ದು 1818ರಲ್ಲಿ. ವಿಕ್ಟರ್ ಜೀವ ಕೊಟ್ಟ ಆಕೃತಿ ಕಣ್ಣು ಬಿಟ್ಟ ಗಳಿಗೆಯಲ್ಲೇ ಅವನು ಹೆದರಿ ಕೋಣೆಯಿಂದ ಓಡುತ್ತಾನೆ. ಅದಕ್ಕೊಂದು ಹೆಸರನ್ನೂ ಇಡುವುದಿಲ್ಲ. ಮುಂದೆ ಅದು ಅವನೆದುರು ಬಂದು ಒಬ್ಬ ಜೊತೆಗಾತಿಯನ್ನು ಬೇಡುತ್ತದೆ. ಅವನು ಒಪ್ಪಿ, ಅರ್ಧ ಮಾಡಿ, ಅದರ ಕಣ್ಣೆದುರೇ ನಾಶ ಮಾಡುತ್ತಾನೆ. ಕಾದಂಬರಿಯಲ್ಲಿ ನಡೆಯುವ ಕೊಲೆಗಳಿಗೆಲ್ಲ ಮೂಲ ಹುಟ್ಟಿಸಿದವನು ಕೈಬಿಟ್ಟ ಆ ಮೊದಲ ರಾತ್ರಿ.

ರೋಬೋ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟ ನಾಟಕ ಜೆಕ್ ಲೇಖಕ ಕರೆಲ್ ಚಾಪೆಕ್‌ನ ‘ಆರ್.ಯು.ಆರ್.’ 1920ರಲ್ಲಿ ಅಚ್ಚಾಗಿ, ಮರುವರ್ಷ ಪ್ರಾಗ್‌ನಲ್ಲಿ ರಂಗಕ್ಕೇರಿತು. ರೋಬೋಗಳ ಪರವಾಗಿ ಮಾತನಾಡಲು ಹೆಲೆನಾ ಎಂಬ ಯುವತಿ ದ್ವೀಪದ ಕಾರ್ಖಾನೆಗೆ ಬರುತ್ತಾಳೆ. ಅಲ್ಲಿ ಟೈಪ್ ಮಾಡುತ್ತ ಕುಳಿತ ಸುಲ್ಲಾ ಕಾರ್ಖಾನೆಯಲ್ಲಿ ತಯಾರಾದವಳು ಎಂದರೆ ಹೆಲೆನಾ ನಂಬುವುದಿಲ್ಲ. ನಂಬಿಸುವುದಕ್ಕೆ ವ್ಯವಸ್ಥಾಪಕ ಡೊಮಿನ್ ಸುಲ್ಲಾಳನ್ನು ಕೊಯ್ದು ತೋರಿಸಲು ಸಿದ್ಧನಾಗುತ್ತಾನೆ. ಅದೇ ಕಾರ್ಖಾನೆಯ ಡಾಕ್ಟರ್ ಗಾಲ್ ರೋಬೋಗಳಿಗೆ ನೋವಿನ ಅರಿವು ಮೂಡಿಸುವ ಪ್ರಯೋಗದಲ್ಲಿದ್ದಾನೆ. ನೋವು ಗೊತ್ತಾಗದ ರೋಬೋ ಯಂತ್ರಕ್ಕೆ ಕೈಕೊಟ್ಟು ಮುರಿದುಕೊಳ್ಳುತ್ತದೆ, ಕಂಪನಿಗೆ ನಷ್ಟ; ಅದಕ್ಕಾಗಿ ನೋವು ಬೇಕು! ನೋವು ಕೊಡುವಾಗ ಲಾಭದ ಲೆಕ್ಕ ಹಾಕಿದವರು, ಆ ನೋವಿಗೆ ಉತ್ತರ ಕೊಡಬೇಕಾದವರು ಯಾರು ಎಂದು ಯೋಚಿಸಲಿಲ್ಲ.

ನಮ್ಮ ಪರದೆಯ ಮೇಲೂ ಈ ಕಥೆ ಬಂದಿದೆ. 2002ರ ಕನ್ನಡ ಚಿತ್ರ ‘ಹಾಲಿವುಡ್’ನಲ್ಲಿ ಉಪೇಂದ್ರ ವಿಜ್ಞಾನಿಯೂ ಹೌದು, ಅವನದೇ ರೂಪದ ಯಂತ್ರಮಾನವ ಯುಎಸ್ 47 ಕೂಡ ಹೌದು. ಯಂತ್ರ ಪ್ರೇಮಕ್ಕೆ ಬೀಳುತ್ತದೆ, ಮಾಲೀಕನ ಪಾಲಿಗೆ ಅಲ್ಲಿಂದ ತಾಪತ್ರಯ ಶುರು. ಕರ್ನಾಟಕದಲ್ಲೂ ಮನೆಮಾತಾದ 2010ರ ತಮಿಳಿನ ‘ಎಂದಿರನ್’ನಲ್ಲಿ ವಿಜ್ಞಾನಿ ವಸೀಗರನ್ ತನ್ನ ಚಿಟ್ಟಿಗೆ ಭಾವನೆ ಕಲಿಸುತ್ತಾನೆ. ಸೈನ್ಯಾಧಿಕಾರಿಗಳೆದುರು ಚಿಟ್ಟಿ ಯುದ್ಧದ ಬದಲು ಪ್ರೀತಿಯ ಮಾತಾಡಿದಾಗ ಸಿಟ್ಟಿನಲ್ಲಿ ಅದನ್ನು ತುಂಡು ತುಂಡು ಮಾಡುತ್ತಾನೆ. ತುಂಡುಗಳು ಕಸದ ರಾಶಿ ಸೇರುತ್ತವೆ. ಕೊನೆಗೆ, ಮತ್ತೆ ಜೋಡಣೆಯಾಗಿ ಬಂದ ಚಿಟ್ಟಿಯನ್ನು ಕಳಚಿಹಾಕಲು ಕೋರ್ಟು ಆದೇಶಿಸಿದಾಗ, ಎಲ್ಲರಿಗೂ ವಿದಾಯ ಹೇಳುತ್ತ ತನ್ನ ಅಂಗಗಳನ್ನು ತಾನೇ ಬಿಚ್ಚಿಡುವ ದೃಶ್ಯಕ್ಕೆ ಚಿತ್ರಮಂದಿರದಲ್ಲಿ ಕಣ್ಣೊರೆಸಿಕೊಂಡವರು ಕಡಿಮೆಯಿಲ್ಲ. ಭಾವನೆ ಕಲಿಸಿದವನಿಗೆ ಬದುಕು, ಕಲಿತವನಿಗೆ ಶಿಕ್ಷೆ. ಹುಲ್ಲು ಮೇಯಿಸುವುದೆಂದರೆ ಇದೇ.

ಹುಲ್ಲಿನ ಮಾತಿಗೆ ಸ್ವಲ್ಪ ನಿಲ್ಲಬೇಕು. ಎತ್ತಿಗೆ ಹುಲ್ಲು ಹಾಕಿದರೆ ಅದು ಅನ್ಯಾಯವಲ್ಲ. ಮನುಷ್ಯನ ಮುಂದೆ ಹುಲ್ಲು ಸುರಿದರೆ ಅವಮಾನ. ಆಯಾ ಜೀವಕ್ಕೆ ತಕ್ಕದ್ದನ್ನು ಕೊಡು ಎನ್ನುತ್ತದೆ ಗಾದೆ. ದಾವಣಗೆರೆ ಸೀಮೆಯ ರೈತನಿಗೆ ಈ ವಿವೇಕ ಹೊಸದಲ್ಲ. ಆಯುಧ ಪೂಜೆಯ ದಿನ ಟ್ರ್ಯಾಕ್ಟರಿಗೆ ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆಯುತ್ತಾನೆ. ಕಾರಹುಣ್ಣಿಮೆಯಲ್ಲಿ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಅವತ್ತು ನೊಗ ಹೂಡದೆ ಬಿಡುತ್ತಾನೆ. ಎರಡಕ್ಕೂ ಪೂಜೆ ಉಂಟು, ದಣಿವಾರಲೆಂದು ಕೊಡುವ ಬಿಡುವು ಮಾತ್ರ ಎತ್ತಿಗೆ. ಅದಕ್ಕೆ ದಣಿವಾಗುತ್ತದೆಂದು ಅವನಿಗೆ ಗೊತ್ತು. ಕಥೆಗಳ ರೋಬೋ ಆಯುಧ ಪೂಜೆಯ ಸಾಲಿನಿಂದ ಎದ್ದು ಕಾರಹುಣ್ಣಿಮೆಯ ಸಾಲಿಗೆ, ಅಲ್ಲಿಂದ ಕೋರ್ಟಿನ ಕಟಕಟೆಗೆ ನಡೆದು ಬರುತ್ತದೆ. ಮಾಲೀಕರು ಮಾತ್ರ ಅದನ್ನು ಮೊದಲ ಸಾಲಿನಲ್ಲೇ ಹಿಡಿದಿಡಲು ನೋಡುತ್ತಾರೆ.

ಆ ಕಟಕಟೆಯನ್ನು ಚೆನ್ನಾಗಿ ಚಿತ್ರಿಸಿದವರು ಐಸಾಕ್ ಅಸಿಮೋವ್. 1976ರ ಅವರ ‘ದಿ ಬೈಸೆಂಟೆನಿಯಲ್ ಮ್ಯಾನ್’ ಕಥೆಯ ಆಂಡ್ರ್ಯೂ ಮರದ ಕೆತ್ತನೆ ಮಾಡುವ ರೋಬೋ. ದುಡಿದದ್ದರಲ್ಲಿ ಅರ್ಧ ಅವನ ಹೆಸರಿನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಆ ಹಣದಿಂದ ಅವನು ತನ್ನ ಸ್ವಾತಂತ್ರ್ಯವನ್ನೇ ಕೊಳ್ಳಲು ಹೊರಡುತ್ತಾನೆ. ಸ್ವಾತಂತ್ರ್ಯವೇನೆಂದು ತಿಳಿದು ಅದನ್ನು ಬಯಸುವಷ್ಟು ಬೆಳೆದ ಮನಸ್ಸಿಗೆ ಅದನ್ನು ನಿರಾಕರಿಸಲಾಗದು ಎಂದು ನ್ಯಾಯಾಧೀಶರು ಒಪ್ಪುತ್ತಾರೆ. ಆದರೆ ತೀರ್ಪಿನ ಬಲ ಬೀದಿಯಲ್ಲಿ ಉಳಿಯುವುದಿಲ್ಲ. ಗ್ರಂಥಾಲಯಕ್ಕೆ ಹೊರಟ ಆಂಡ್ರ್ಯೂವನ್ನು ಇಬ್ಬರು ಹುಡುಗರು ತಡೆದು, ಬಟ್ಟೆ ಬಿಚ್ಚೆಂದು ಆಜ್ಞಾಪಿಸಿ, ಕಳಚಿ ನೋಡಲು ಮುಂದಾಗುತ್ತಾರೆ. ಆಜ್ಞೆ ಮೀರಲಾರದ ಅವನು ಬಿಚ್ಚುತ್ತಾನೆ. ಹಕ್ಕು ಕಾಗದದಲ್ಲಿದ್ದರೆ ಸಾಲದು, ಕಾಪಾಡುವ ಕಾಯ್ದೆಯೂ ಬೇಕೆಂದು ಹೋರಾಟ ಶುರುವಾಗುವುದು ಅಲ್ಲಿಂದ.

ಅದೇ 1976ರಲ್ಲಿ ಭಾರತದ ಸಂಸತ್ತು ಜೀತ ಪದ್ಧತಿ ರದ್ದು ಕಾಯ್ದೆಯನ್ನು ತಂದಿತು. ಅಪ್ಪನ ಸಾಲಕ್ಕೆ ಮಗ, ಮಗನ ಸಾಲಕ್ಕೆ ಮೊಮ್ಮಗ ಜೀತಕ್ಕಿರುವುದು ಈ ನಾಡಿನಲ್ಲಿ ನಡೆದದ್ದು. ಅವರು ಉಣ್ಣಲು, ದುಡಿಯಲು ಹುಟ್ಟಿದವರು, ಹೆಚ್ಚಿನದು ಅವರಿಗೆ ತಿಳಿಯದು ಎಂಬ ಮಾತನ್ನು ಒಡೆಯರು ಆಡುತ್ತಿದ್ದರು. ರೋಬೋ ಕಥೆಗಳ ಮಾಲೀಕರು ಆಡುವುದೂ ಆ ಮಾತನ್ನೇ. ಈ ಕಥೆಗಳು ಕನ್ನಡ ಓದುಗನನ್ನು ತಟ್ಟುವುದು ಅದಕ್ಕೇ.

ಉಸಿರಾಡದ್ದಕ್ಕೆ ಹಕ್ಕೆಲ್ಲಿಯದು ಎಂಬ ಆಕ್ಷೇಪ ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ದೇವಸ್ಥಾನದ ಮೂರ್ತಿ ಆಸ್ತಿ ಹೊಂದಬಹುದು, ದಾವೆ ಹೂಡಬಹುದು. ದೇವರ ಹೆಸರಿನಲ್ಲೇ ಪಹಣಿ ಇರುವ ಜಮೀನುಗಳಿವೆ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಪ್ರಾಣಿಗಳ ಘನತೆಯ ಬಗ್ಗೆ ಮಾತಾಡಿತು. 2023ರಲ್ಲಿ ಸಂವಿಧಾನ ಪೀಠ, ಕಂಬಳವೂ ಸೇರಿದಂತೆ ಇಂಥ ಕ್ರೀಡೆಗಳಿಗೆ ಅವಕಾಶ ಕೊಡುವ ರಾಜ್ಯಗಳ ತಿದ್ದುಪಡಿ ಕಾಯ್ದೆಗಳನ್ನು ಎತ್ತಿಹಿಡಿಯಿತು. ಯಾರಿಗೆ ಎಷ್ಟು ಹಕ್ಕು ಎಂಬ ಗೆರೆ ಕಾಲಕ್ಕೆ ತಕ್ಕಂತೆ ಸರಿಯುತ್ತಲೇ ಇರುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಇವತ್ತು ಗದ್ದೆಯ ಮೇಲೆ ಔಷಧಿ ಸಿಂಪಡಿಸುವ ಡ್ರೋನಿಗೆ ನೋವಿಲ್ಲ, ಆಸೆಯಿಲ್ಲ. ಅದೇ ಗದ್ದೆಯಲ್ಲಿ ನಾಟಿ ಹಾಕುವ ಹೆಣ್ಣಾಳಿನ ಬೆನ್ನಿಗೆ ನೋವಿದೆ. ಅವಳ ಕೂಲಿಯ ಪ್ರಶ್ನೆ ಮೊದಲು ಬರಬೇಕು, ನಿಜ. ಆದರೆ ಈ ಕಥೆಗಳು ಅವಳನ್ನು ಮರೆಸುವುದಿಲ್ಲ. ಸುಲ್ಲಾಳನ್ನು ಕೊಯ್ಯಲು ಹೊರಟ ಡೊಮಿನ್‌ನನ್ನು ಕಂಡು ಹೇಸಿದ ಓದುಗ, ಆಳನ್ನು ಆಳೆಂದಷ್ಟೇ ಕಾಣುವ ಕಣ್ಣನ್ನು ಊರಿನಲ್ಲೂ ಗುರುತಿಸುತ್ತಾನೆ.

ಜೀತದ ನೆನಪು, ದೇವರ ಹೆಸರಿನ ಪಹಣಿ, ಕಾರಹುಣ್ಣಿಮೆಯ ಬಿಡುವು, ಇವೆಲ್ಲ ಇರುವ ಭಾಷೆಗೆ ಇಂಥ ಕಥೆಯ ಸಾಮಗ್ರಿಯನ್ನು ಎರವಲು ತರುವ ಅಗತ್ಯವಿಲ್ಲ. ಚನ್ನಗಿರಿಯ ಕೋರ್ಟಿನಲ್ಲಿ ಅಡಿಕೆ ತೋಟದ ರೋಬೋ ಒಂದು ದಾವೆ ಹೂಡುವ ಕಥೆಯನ್ನು ಕನ್ನಡದ ಬರಹಗಾರರು ಬರೆಯಬೇಕು. ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಏನು ಬರೆಯುತ್ತಾರೆ, ವಕಾಲತ್ತಿಗೆ ಸಹಿ ಯಾರದು, ಪ್ರತಿವಾದಿ ತೋಟದ ಯಜಮಾನನೋ ತಯಾರಿಸಿದ ಕಂಪನಿಯೋ? ಗಾದೆಯ ಪ್ರಕಾರ ಮೊದಲ ನೋಟಿಸು ಹೋಗಬೇಕಾದದ್ದು ಕಂಪನಿಗೆ.