ಹೆಪ್ಪಿನ ಋಣ

ನಾನು ಚಿಕ್ಕವಳಿದ್ದಾಗ ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಹೆಪ್ಪು ಕೇಳುವುದಕ್ಕೆ ಯಾರೂ ಸಂಕೋಚಪಡುತ್ತಿರಲಿಲ್ಲ. ರಾತ್ರಿ ಮೊಸರು ಬರಿದಾದರೆ ಎದುರುಮನೆ ಅಜ್ಜಿಯ ಬಾಗಿಲು ತಟ್ಟಿದರಾಯಿತು. ತಮ್ಮ ಬಟ್ಟಲಲ್ಲೇ ಒಂದು ಚಮಚ ಹಾಕಿ ಕೊಡುತ್ತಿದ್ದರು. ಅವರ ಮೊಸರೇನೂ ಕಡಿಮೆಯಾಗುತ್ತಿರಲಿಲ್ಲ; ನಮ್ಮಲ್ಲಿ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಮೊಸರು.

ಇದು ಮತ್ತೆ ನೆನಪಾದದ್ದು ಅಕ್ಕನ ಮಗನಿಂದ. ನಮ್ಮ ಮಹಡಿಯ ಮೇಲೆ ಐದು ಜನರ ಪುಟ್ಟ ಸಾಫ್ಟ್‌ವೇರ್ ಕಂಪನಿ ಅವನದು. "ಚಿಕ್ಕಮ್ಮ, ನಾವು ಬರೆಯೋದು ಸ್ವಲ್ಪ. ಉಳಿದದ್ದೆಲ್ಲ ಮುಕ್ತ ತಂತ್ರಾಂಶ, ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಕಾಸು ಕೊಡಬೇಕಿಲ್ಲ" ಎಂದ.

"ಅವರ ಹೊಟ್ಟೆಗೆ?" ಎಂದೆ. ಸುಮ್ಮನಾದ.

ಆಮೇಲೆ ಅವನೇ ಹೇಳಿದ. ಅಂತರಜಾಲದಲ್ಲಿ ನಮ್ಮ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ 2014ರ ಏಪ್ರಿಲ್‌ನಲ್ಲಿ ದೊಡ್ಡ ದೋಷವೊಂದು ಬಯಲಾಯಿತಂತೆ. ಅದಕ್ಕೆ ಹಾರ್ಟ್‌ಬ್ಲೀಡ್ ಎಂದು ಹೆಸರಿಟ್ಟರು. ಲೋಕವೇ ನೆಚ್ಚಿಕೊಂಡಿದ್ದ ಆ ಕೆಲಸಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಪೂರ್ತಿ ಹೊತ್ತು ದುಡಿಯುತ್ತಿದ್ದವರು ಒಬ್ಬರೇ.

ಹೆಪ್ಪು ಹಂಚಿದರೆ ಸವೆಯುವುದಿಲ್ಲ, ನಿಜ. ದಿನವೂ ಹಾಲು ಕಾಯಿಸುವ ಕೈ ಸವೆಯುತ್ತದೆ. ಅಜ್ಜಿ ಜ್ವರದಲ್ಲಿ ಒಂದು ವಾರ ಮಲಗಿದಾಗಲೇ ಬೀದಿಗೆ ಅದು ತಿಳಿದದ್ದು. ನಮ್ಮ ಮನೆಗೆಲಸಗಳ ಗತಿಯೂ ಇದೇ ಅಲ್ಲವೆ? ನಿಂತುಹೋದ ದಿನವೇ ಕಣ್ಣಿಗೆ ಬೀಳುವುದು.

"ಸಂಬಳ ಕೊಡೋದೇ ಕಷ್ಟ ನಮಗೆ. ದೊಡ್ಡವರು ಕೊಡಲಿ" ಎಂದ ಹುಡುಗ. ಕೊಟ್ಟವರೂ ಇದ್ದಾರೆ. ಜೆ.ಪಿ. ನಗರದ ಝೆರೋಧಾ ಕಂಪನಿ 2024ರಲ್ಲಿ ಇಂಥ ಕೆಲಸಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗಿನ ನಿಧಿ ಘೋಷಿಸಿತು. ಆದರೆ ಮಠದಲ್ಲಿ ಅನ್ನದಾನ ನಡೆಯುತ್ತದೆಂದು ನಮ್ಮ ತಾಯಂದಿರು ಮುಷ್ಟಿ ಅಕ್ಕಿ ಎತ್ತಿಡುವುದನ್ನು ಬಿಟ್ಟಿದ್ದರೆ?

ಒಂದು ಮಾತನ್ನು ಮಾತ್ರ ನಾನೂ ಒಪ್ಪಿದೆ. ಜೊತೆಯವರ ಸಂಬಳ ತಡಮಾಡಿ ಮಾಡುವ ದಾನ, ದಾನವಲ್ಲ. ಅದು ಅವರ ಜೇಬಿನ ಹಣ. ಬಾಡಿಗೆ, ಸಂಬಳ ಕಳೆದ ಮೇಲೆ, ತನ್ನ ಲಾಭಕ್ಕೆ ಕೈಯಿಡುವ ಮೊದಲು ಕೊಡಬೇಕಾದದ್ದು ಇದು. ಕೊನೆಗೆ ಇಬ್ಬರೂ ಕೂತು, ಯಾವುದಿಲ್ಲದಿದ್ದರೆ ನಾಳೆಯೇ ಕೆಲಸ ನಿಲ್ಲುತ್ತದೋ ಅವುಗಳ ಪಟ್ಟಿ ಮಾಡಿದೆವು. ಬಿಲ್ಲು ಬಂದಾಗಲೆಲ್ಲ ನೂರಕ್ಕೆ ಒಂದು ರೂಪಾಯಿ ಅವರಿಗೆ. ಬಾರದ ತಿಂಗಳು, ಕಂಡ ತಪ್ಪು ತಿದ್ದಿ ಕಳಿಸಲು ಒಂದು ದಿನದ ದುಡಿಮೆ.

ಕೇಳದೆ ಕೊಟ್ಟದ್ದು ಸಾಲವಲ್ಲ. ಋಣವಂತೂ ಹೌದು. ಅಜ್ಜಿಯ ಬಟ್ಟಲನ್ನು ಅಮ್ಮ ಎಂದೂ ಬರಿದಾಗಿ ಹಿಂದಿರುಗಿಸಲಿಲ್ಲ. ಏನೂ ಇಲ್ಲದ ದಿನ ಹಿತ್ತಲ ಕರಿಬೇವಿನ ನಾಲ್ಕು ಎಸಳಾದರೂ ಅದರಲ್ಲಿ ಇರುತ್ತಿತ್ತು.